ಜಂಕ್ಷನ್‌ಗೆ ಹೊಸ ಕಟ್ಟಡ ಬಂತು, ಸರಿ. ಮುಂದಿನ ಗಾಡಿ ಕಾಯುತ್ತಾ?

ಬದಲಿ ಗಾಡಿ

ರೈಲು ನಿಲ್ದಾಣಗಳನ್ನು ಹೊಸದು ಮಾಡುವ ಅಮೃತ್ ಭಾರತ್ ಸ್ಟೇಷನ್ ಯೋಜನೆಯ ಫೋಟೋಗಳನ್ನು ಎಲ್ಲರೂ ಹಾಕುತ್ತಿದ್ದೀರಿ. ನೋಡಿ ಖುಷಿಯಾಯಿತು. 2025ರ ಮೇ 22ರಂದು ದೇಶದಲ್ಲಿ 103 ನಿಲ್ದಾಣಗಳ ಉದ್ಘಾಟನೆ ಆಯಿತು. ಅದರಲ್ಲಿ ನಮ್ಮವು 5: ಧಾರವಾಡ, ಗದಗ, ಬಾಗಲಕೋಟೆ, ಮುನಿರಾಬಾದ್, ಗೋಕಾಕ್ ರೋಡ್. ಅರಸೀಕೆರೆ, ಹರಿಹರ, ವಾಡಿ, ಮಂಗಳೂರು ಜಂಕ್ಷನ್ ಇವೆಲ್ಲ 2023ರ ಆಗಸ್ಟ್ 6ರಂದು ಅಡಿಗಲ್ಲು ಬಿದ್ದ 508ರ ಪಟ್ಟಿಯಲ್ಲಿದ್ದವು.

ನನ್ನ ತಕರಾರು ಬೇರೆ. ಜಂಕ್ಷನ್ ಅಂದರೆ ಗಾಡಿ ಬದಲಿಸುವ ಜಾಗ, ಅಲ್ವಾ? ಹೋದ ತಿಂಗಳು ಅಮ್ಮನನ್ನು ಕರೆದುಕೊಂಡು ಊರಿಗೆ ಹೊರಟಿದ್ದೆ. ಯಾವ ಜಂಕ್ಷನ್ ಅಂತ ಹೇಳಲ್ಲ, ಹೇಳಿದರೆ ಜಗಳ ಆ ಊರಿನ ಮೇಲೆ ತಿರುಗುತ್ತೆ. ನಮ್ಮ ಎಕ್ಸ್‌ಪ್ರೆಸ್ ಸಮಯಕ್ಕೆ ಸರಿಯಾಗಿ ಊರ ಹೊರಗೆ ಬಂತು. ಅಲ್ಲೇ ನಿಂತಿತು. 25 ನಿಮಿಷ. ಕಿಟಕಿಯಿಂದ ಸ್ಟೇಷನ್ನಿನ ಹೊಸ ಕಮಾನು ಕಾಣುತ್ತಿತ್ತು, ಅದಕ್ಕೆ ಹಾಕಿದ ಬಣ್ಣದ ದೀಪವೂ ಕಾಣುತ್ತಿತ್ತು. ಕೊನೆಗೆ ಗಾಡಿ ಮೆಲ್ಲಗೆ ಒಳಗೆ ಹೋಗುವಾಗ ಪಕ್ಕದ ಹಳಿಯಲ್ಲಿ ನಾವು ಹಿಡಿಯಬೇಕಿದ್ದ ಪ್ಯಾಸೆಂಜರ್ ಹೊರಗೆ ಬಂತು. ಎರಡೂ ಗಾಡಿ ಎದುರು ಬದುರು ಹಾದು ಹೋದವು. ಅಮ್ಮ ಕೇಳಿದರು, "ನಾವು ಬರ್ತಿರೋದು ಆ ಗಾಡಿಯವರಿಗೆ ಗೊತ್ತಿಲ್ವೇನೋ?"

ಗೊತ್ತಿತ್ತು ಅಮ್ಮ. ಅದೇ ಸಮಸ್ಯೆ.

ಮುಂದಿನ ಪ್ಯಾಸೆಂಜರ್ ನಾಲ್ಕು ಗಂಟೆ ಬಿಟ್ಟು. ಹೊಸ ವೇಟಿಂಗ್ ಹಾಲ್ ಚೆನ್ನಾಗಿತ್ತು ಅನ್ನೋದನ್ನು ಒಪ್ಪಿಕೊಳ್ಳುತ್ತೇನೆ. ನಾಲ್ಕು ಗಂಟೆ ಪರೀಕ್ಷೆ ಮಾಡಿದ್ದೀನಲ್ಲ.

ಜಂಕ್ಷನ್ ಅಭಿವೃದ್ಧಿ ಅಂತ ಸರ್ಕಾರ ಹೇಳುವಾಗ ಗಾಡಿಗೆ ಗಾಡಿ ಸಿಗುವ ವಿಷಯ ಅದರಲ್ಲಿ ಎಲ್ಲಿದೆ? ತಿಳಿದವರು ಹೇಳಿ.

ಸೀಸನ್ ಪಾಸ್

ನಾಲ್ಕು ಗಂಟೆಗೆ ಇನ್ನೊಂದು ಗಾಡಿ ಇತ್ತಲ್ಲ ಅಂತ ಸಂತೋಷ ಪಡಿ. ನಮ್ಮ ಕವಲು ದಾರಿಯಲ್ಲಿ ಮುಂದಿನದು ಮರುದಿನ ಬೆಳಗ್ಗೆ.

ಊರ ಅಭಿಮಾನಿ

ಕಟ್ಟಡ ಅಂದರೆ ಸಾಕು, ಎಲ್ಲರಿಗೂ ತಮಾಷೆ. ಹತ್ತು ವರ್ಷದ ಹಿಂದೆ ಇದೇ ಸ್ಟೇಷನ್ನುಗಳಲ್ಲಿ ಹೆಣ್ಣುಮಕ್ಕಳು ಟಾಯ್ಲೆಟ್‌ಗೆ ಹೋಗುವುದಕ್ಕೆ ಹೆದರುತ್ತಿದ್ದರು. ಮಳೆ ಬಂದರೆ ಪ್ಲಾಟ್‌ಫಾರ್ಮ್‌ನ ಅರ್ಧ ಭಾಗಕ್ಕೆ ಸೂರೇ ಇರಲಿಲ್ಲ. ಇವತ್ತು ಲಿಫ್ಟ್, ಅಗಲದ ಮೇಲ್ಸೇತುವೆ, ಆಟೋ ನಿಲ್ಲಲು ಜಾಗ, ಬೋಗಿ ಎಲ್ಲಿ ನಿಲ್ಲುತ್ತೆ ಅಂತ ತೋರಿಸುವ ಬೋರ್ಡು ಎಲ್ಲ ಬರುತ್ತಿದೆ. ದೇಶದಲ್ಲಿ 1,300ಕ್ಕೂ ಜಾಸ್ತಿ ನಿಲ್ದಾಣ, ರಾಜ್ಯದಲ್ಲಿ ಸುಮಾರು 60. ಕಮಾನು ಒಂದನ್ನೇ ಹಿಡಿದುಕೊಂಡು ಎಲ್ಲ ದಂಡ ಅನ್ನಬೇಡಿ.

ಬದಲಿ ಗಾಡಿ

ದಂಡ ಅಂದಿಲ್ಲ. ಟಾಯ್ಲೆಟ್ ವಿಷಯ ನೂರಕ್ಕೆ ನೂರು ನಿಜ, ಅಮ್ಮನೂ ಅದನ್ನೇ ಹೇಳಿದರು. ಅದಾದ ಮೇಲೆ ಏನು ಅನ್ನೋದು ನನ್ನ ಪ್ರಶ್ನೆ.

ಕೆಂಪು ಹಸಿರು ಬಾವುಟ

ರೈಲ್ವೆಯ ಆಪರೇಟಿಂಗ್‌ನಲ್ಲಿ, ಅಂದರೆ ಗಾಡಿಗಳ ಓಡಾಟ ನೋಡಿಕೊಳ್ಳುವ ಕಡೆ, ಮೂವತ್ತು ವರ್ಷ ದುಡಿದು ನಿವೃತ್ತನಾದವನು. ನಿಮ್ಮ ಗಾಡಿ ಹೊರಗೆ ಯಾಕೆ ನಿಂತಿತ್ತು ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಜನ ಸ್ಟೇಷನ್ ಅಂದರೆ ಪ್ಲಾಟ್‌ಫಾರ್ಮ್ ಅಂತ ತಿಳಿದಿರುತ್ತಾರೆ. ನಮಗೆ ಸ್ಟೇಷನ್ ಅಂದರೆ ಯಾರ್ಡ್. ಗಾಡಿಗೆ ಒಳಗೆ ಬರಲು ಅನುಮತಿ ಕೊಡುವ ಹೋಮ್ ಸಿಗ್ನಲ್ ಎರಡೂ ಕಡೆ ಇರುತ್ತೆ, ಅವುಗಳ ನಡುವೆ ಇರುವ ಹಳಿ, ಪಾಯಿಂಟು, ಗಾಡಿ ಪಕ್ಕಕ್ಕೆ ನಿಲ್ಲಿಸುವ ಲೂಪ್ ಲೈನ್ ಎಲ್ಲ ಸೇರಿ. ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ದಾಟುವ ಜಾಗವೇ ಪಾಯಿಂಟ್. ಹಳೇ ಯಾರ್ಡ್‌ಗಳಲ್ಲಿ 1:8.5 ಅನ್ನುವ (8.5 ಅಡಿ ಮುಂದೆ ಹೋಗುವಷ್ಟರಲ್ಲಿ 1 ಅಡಿ ಪಕ್ಕಕ್ಕೆ ಸರಿಯುವ) ಕಡಿದಾದ ತಿರುವಿನ ಪಾಯಿಂಟುಗಳು ಇರುತ್ತವೆ. ಅದರ ಮೇಲೆ ಗಂಟೆಗೆ 15 ಕಿ.ಮೀ. ವೇಗ ಮಾತ್ರ. 1:12 ಹಾಕಿದರೆ 30ರಲ್ಲಿ ಹೋಗಬಹುದು.

15ಕ್ಕೂ 30ಕ್ಕೂ ಏನು ಮಹಾ ವ್ಯತ್ಯಾಸ ಅನ್ನಬೇಡಿ. ಎಲ್‌ಎಚ್‌ಬಿ ಅನ್ನುವ ಹೊಸ ಮಾದರಿಯ ಒಂದು ಬೋಗಿ ಸುಮಾರು 23.5 ಮೀಟರ್ ಉದ್ದ. 24 ಬೋಗಿಯ ಗಾಡಿ ಹತ್ತಿರ ಹತ್ತಿರ 565 ಮೀಟರ್. ಎಂಜಿನ್ ಪಾಯಿಂಟ್ ದಾಟಿದರೆ ಸಾಲದು, ಬಾಲದ ಬೋಗಿ ದಾಟುವವರೆಗೂ ವೇಗ ಏರಿಸುವ ಹಾಗಿಲ್ಲ. 15ರಲ್ಲಿ ನಿಮಿಷಕ್ಕೆ 250 ಮೀಟರ್, 30ರಲ್ಲಿ 500. ಒಳಗೆ ಬರುವಾಗ ಒಂದು ನಿಮಿಷ, ಹೊರಗೆ ಹೋಗುವಾಗ ಒಂದು ನಿಮಿಷ ಜಾಸ್ತಿ ಹಿಡಿದರೆ ದಿನಕ್ಕೆ 80 ಗಾಡಿ ಹಾಯುವ ಯಾರ್ಡ್‌ನಲ್ಲಿ ಎಷ್ಟಾಯಿತು? ಲೆಕ್ಕ ನೀವೇ ಹಾಕಿ.

ಇನ್ನೊಂದಿದೆ. ಕವಲು ದಾರಿಯ ಗಾಡಿ ತನ್ನ ಪ್ಲಾಟ್‌ಫಾರ್ಮ್‌ಗೆ ಹೋಗಬೇಕಾದರೆ ಎಷ್ಟೋ ಜಂಕ್ಷನ್‌ಗಳಲ್ಲಿ ಮೇನ್ ಲೈನ್ ಎರಡನ್ನೂ ಅಡ್ಡ ಕೊಯ್ದು ಹೋಗಬೇಕು. ಅದು ದಾಟುವಾಗ ಬೇರೆ ಯಾವ ಗಾಡಿಗೂ ಸಿಗ್ನಲ್ ಕೊಡುವ ಹಾಗಿಲ್ಲ. ನಿಮ್ಮ ಎಕ್ಸ್‌ಪ್ರೆಸ್ ಹೊರಗೆ ನಿಂತಿದ್ದು ಬಹುಶಃ ನೀವು ಹಿಡಿಯಬೇಕಿದ್ದ ಆ ಪ್ಯಾಸೆಂಜರ್‌ನ ದಾರಿ ಕ್ಲಿಯರ್ ಮಾಡುವುದಕ್ಕೇ. ನಗಬೇಡಿ, ಹೀಗೂ ಆಗುತ್ತೆ.

ಸೀಸನ್ ಪಾಸ್

ಸಾರ್, ನಗು ಬರ್ತಿಲ್ಲ, ಅಳು ಬರ್ತಿದೆ.

ಹಳಿ ಹುಚ್ಚ

ಯಜಮಾನರು ಹೇಳಿದ್ದಕ್ಕೆ ಹುಬ್ಬಳ್ಳಿ ಒಳ್ಳೇ ಉದಾಹರಣೆ. 1,507 ಮೀಟರ್ ಪ್ಲಾಟ್‌ಫಾರ್ಮ್, ಜಗತ್ತಿನಲ್ಲೇ ಉದ್ದದ್ದು. ಅದಕ್ಕೂ ಮುಂಚೆ ಗೋರಖ್‌ಪುರದ 1,366 ಮೀಟರ್ ಮೊದಲ ಸ್ಥಾನದಲ್ಲಿತ್ತು. 2023ರ ಮಾರ್ಚ್ 12ರಂದು ಲೋಕಾರ್ಪಣೆ ಆದಾಗ ಎಲ್ಲರೂ ಸೆಲ್ಫಿ ತೆಗೆದದ್ದು ಆ ಬೋರ್ಡಿನ ಮುಂದೆ. ಆದರೆ ನಿಜವಾದ ಕೆಲಸ ಆಗಿದ್ದು ಯಾರ್ಡ್ ಬದಲಾವಣೆಯಲ್ಲಿ. ಹೊಸ ಪ್ಲಾಟ್‌ಫಾರ್ಮ್‌ಗಳು, ಸಿಗ್ನಲ್ಲನ್ನೂ ಪಾಯಿಂಟನ್ನೂ ಒಂದಕ್ಕೊಂದು ಜೋಡಿಸುವ ಹೊಸ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್, ಪಾಯಿಂಟುಗಳ ಮರುಜೋಡಣೆ. ಆ ಉದ್ದದ ಪ್ಲಾಟ್‌ಫಾರ್ಮ್‌ನ ಉಪಯೋಗವೂ ಅದೇ. ಎರಡು ಪೂರ್ತಿ ಗಾಡಿ ಒಂದೇ ಪ್ಲಾಟ್‌ಫಾರ್ಮ್‌ನಲ್ಲಿ ನಿಂತು ಎರಡು ದಿಕ್ಕಿಗೆ ಹೊರಡಬಹುದು. ದಾಖಲೆ ಮಾಡಲು ಕಟ್ಟಿದ್ದಲ್ಲ ಅದು.

ಊರ ಅಭಿಮಾನಿ

ನೋಡಿ, ನಾನು ಹೇಳಿದ್ದೂ ಅದನ್ನೇ. ಕೆಲಸ ಆಗ್ತಿದೆ.

ಹಳಿ ಹುಚ್ಚ

ಆಗ್ತಿದೆ. ಆದರೆ ಯಾರ್ಡ್ ಕೆಲಸದ ಫೋಟೋ ಯಾರೂ ಹಾಕಲ್ಲ. ಅದಕ್ಕೆ ರಿಬ್ಬನ್ ಇಲ್ಲ.

ನೈಟ್ ಶಿಫ್ಟ್

ಯಾರ್ಡ್ ಕೆಲಸ ಅಂದ ಕೂಡಲೇ ನೆನಪಾಯಿತು. "ನಾನ್ ಇಂಟರ್‌ಲಾಕಿಂಗ್" ಅಂತ ಹತ್ತು ದಿನ ಗಾಡಿ ಕ್ಯಾನ್ಸಲ್ ಮಾಡುತ್ತಾರಲ್ಲ, ಅದು ಯಾಕೆ? ಪ್ರತಿ ಸಲ ಮೊದಲು ಕ್ಯಾನ್ಸಲ್ ಆಗುವುದು ನಮ್ಮ ಪ್ಯಾಸೆಂಜರ್. ದೂರದ ಗಾಡಿಗಳನ್ನು ಸುತ್ತಿ ಬಳಸಿ ಹೇಗೋ ಓಡಿಸುತ್ತಾರೆ.

ಕೆಂಪು ಹಸಿರು ಬಾವುಟ

ಸಿಗ್ನಲ್ಲೂ ಪಾಯಿಂಟೂ ಒಂದಕ್ಕೊಂದು ಬೀಗ ಹಾಕಿಕೊಂಡಿರುತ್ತವೆ. ಪಾಯಿಂಟ್ ತಪ್ಪು ದಿಕ್ಕಿಗಿದ್ದರೆ ಸಿಗ್ನಲ್ ಹಸಿರಾಗಲ್ಲ. ಅದೇ ಇಂಟರ್‌ಲಾಕಿಂಗ್. ಹಳೇ ವ್ಯವಸ್ಥೆ ತೆಗೆದು ಹೊಸದು ಜೋಡಿಸುವ ದಿನಗಳಲ್ಲಿ ಆ ಬೀಗ ಇರುವುದಿಲ್ಲ. ಪ್ರತಿ ಪಾಯಿಂಟನ್ನೂ ಮನುಷ್ಯ ಹೋಗಿ ತಿರುಗಿಸಿ, ಕ್ಲ್ಯಾಂಪ್ ಬಿಗಿದು, ಕೀ ಹಾಕಿ, ಬಾವುಟ ತೋರಿಸಬೇಕು. ಒಂದು ಗಾಡಿ ಒಳಗೆ ತರುವುದಕ್ಕೆ ಎಷ್ಟೋ ಹೊತ್ತು. ಮಳೆಯಲ್ಲಿ, ರಾತ್ರಿ ಎರಡು ಗಂಟೆಗೆ, ಕೈಯಲ್ಲಿ ಟಾರ್ಚು ಹಿಡಿದು ಮಾಡಿದ್ದೇನೆ. ಆ ದಿನಗಳಲ್ಲಿ ಗಾಡಿ ಕಮ್ಮಿ ಮಾಡಲೇಬೇಕು, ಅದು ಸುರಕ್ಷತೆಯ ವಿಷಯ.

ಪ್ಯಾಸೆಂಜರನ್ನೇ ಯಾಕೆ ಮೊದಲು ನಿಲ್ಲಿಸುತ್ತಾರೆ ಅಂದರೆ, ನಿಜ ಹೇಳುತ್ತೇನೆ, ಅದಕ್ಕೆ ರಿಸರ್ವೇಶನ್ ಇಲ್ಲ. ಹಣ ವಾಪಸ್ ಕೊಡುವ ತಲೆನೋವಿಲ್ಲ. ದೂರುವವರೂ ಕಮ್ಮಿ.

ನೈಟ್ ಶಿಫ್ಟ್

ದೂರಲು ಪುರುಸೊತ್ತೆಲ್ಲಿ, ಬಸ್ ಹಿಡಿಯಲು ಓಡುತ್ತಿರುತ್ತೇವೆ.

ತೊಗರಿ ನಾಡು

ನೀವೆಲ್ಲ ಯಾರ್ಡ್ ಒಳಗಿನ ಮಾತಾಡಾಕತ್ತೀರಿ. ನಮ್ಮದು ಯಾರ ಯಾರ್ಡ್ ಅನ್ನೋದೇ ತಕರಾರು ರೀ. ಕಲಬುರಗಿ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿದೆ. ಬೀದರ್ ಸಿಕಂದರಾಬಾದ್ ವಿಭಾಗ. ರಾಯಚೂರು ಗುಂತಕಲ್. ಮೂರೂ ಕಲ್ಯಾಣ ಕರ್ನಾಟಕದ ಜಿಲ್ಲೆಗಳೇ. ಮೂರರ ಕಚೇರಿಯೂ ಪಕ್ಕದ ರಾಜ್ಯದಲ್ಲಿ. ಕಲಬುರಗಿಗೆ ಪ್ರತ್ಯೇಕ ವಿಭಾಗ ಅಂತ ಖರ್ಗೆಯವರು ರೈಲ್ವೆ ಮಂತ್ರಿ ಆಗಿದ್ದಾಗ ಘೋಷಣೆ ಆಯಿತು. ಸರ್ಕಾರ ಬದಲಾಯಿತು, ವಿಭಾಗ ಬರಲಿಲ್ಲ.

ಇದರಿಂದ ಏನಾಗುತ್ತೆ ಅಂದರೆ, ಬೀದರ್–ಕಲಬುರಗಿ 110 ಕಿ.ಮೀ. ಹೊಸ ದಾರಿ 2017ರ ಅಕ್ಟೋಬರ್ 29ರಂದು ಶುರುವಾಯಿತು. ಎರಡು ದಶಕ ಕಾದು ಪಡೆದ ದಾರಿ. ಅದರ ಒಂದು ತುದಿ ಒಂದು ವಲಯ, ಇನ್ನೊಂದು ತುದಿ ಇನ್ನೊಂದು ವಲಯ. ಬೀದರ್‌ನಿಂದ ಬರುವ ಗಾಡಿಗೆ ಕಲಬುರಗಿಯಲ್ಲಿ ಬೆಂಗಳೂರು ಗಾಡಿ ಹೊಂದಿಸಿ ಅಂತ ಯಾರನ್ನು ಕೇಳಬೇಕು? ಇವರನ್ನು ಕೇಳಿದರೆ ಅವರು, ಅವರನ್ನು ಕೇಳಿದರೆ ಇವರು. ಮದುವೆ ಮನೆಯಲ್ಲಿ ಎರಡೂ ಕಡೆಯವರು ಊಟಕ್ಕೆ ಕರೆಯೋದು ನಿಮ್ಮ ಕೆಲಸ ಅಂದ ಹಾಗೆ.

ಘಟ್ಟದ ಕೆಳಗೆ

ಅಣ್ಣಾ, ಮೂರು ವಿಭಾಗ ಮೂರು ಜಿಲ್ಲೆಗೆ ತಾನೇ? ನಮಗೆ ಒಂದೇ ಊರಿಗೆ ಮೂರು ಆಡಳಿತ. ಮಂಗಳೂರು ಸೆಂಟ್ರಲ್, ಮಂಗಳೂರು ಜಂಕ್ಷನ್ ಎರಡೂ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ. ಪಡೀಲ್‌ನಿಂದ ಘಟ್ಟದ ಕಡೆಗೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ. ಆ ಕಡೆ ತೋಕೂರು ದಾಟಿದರೆ ಕೊಂಕಣ್ ರೈಲ್ವೆ. ಆಟೋದಲ್ಲಿ ಒಂದು ಸುತ್ತು ಹೊಡೆದರೆ ಮೂರೂ ಮುಗಿಯುತ್ತೆ!

ಬೆಂಗಳೂರು–ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಪಡೀಲ್ ಬೈಪಾಸ್ ಹಿಡಿದು ಹೋಗುತ್ತೆ. ಮಂಗಳೂರು ನಿಲ್ದಾಣಕ್ಕೆ ಬರುವುದೇ ಇಲ್ಲ. ಉಡುಪಿ, ಕುಂದಾಪುರ, ಕಾರವಾರದವರಿಗೆ ಅದು ವರ. ಎಂಜಿನ್ ದಿಕ್ಕು ಬದಲಿಸುವ ರಗಳೆ ತಪ್ಪಿತು, ಹೊತ್ತು ಉಳಿಯಿತು. ನಮಗೆ ಮಾತ್ರ ಮನೆ ಮುಂದೆ ಮೆರವಣಿಗೆ ಹೋಗಿ, ದೇವರು ನಿಲ್ಲದೇ ಹೋದ ಹಾಗೆ. ಯಾರು ಸರಿ ಅಂತ ನನಗೂ ಗೊತ್ತಾಗಲ್ಲ. ನಾನು ಕುಂದಾಪುರದಲ್ಲಿ ಹುಟ್ಟಿ ಮಂಗಳೂರಲ್ಲಿ ಮನೆ ಮಾಡಿದವ, ಎರಡೂ ಕಡೆ ಮಾತಾಡಬೇಕು.

ಹಳಿ ಹುಚ್ಚ

ಕೊಂಕಣ್ ರೈಲ್ವೆಯನ್ನು ಭಾರತೀಯ ರೈಲ್ವೆಗೆ ಸೇರಿಸಿ ಅನ್ನುವ ಬೇಡಿಕೆಯೂ ಇಲ್ಲಿಗೇ ಬಂದು ಮುಟ್ಟುತ್ತೆ. ಅದು ಕೇಂದ್ರ ಮತ್ತು ನಾಲ್ಕು ರಾಜ್ಯಗಳ ಪಾಲಿನ ನಿಗಮ, ಶುರುವಿನಲ್ಲಿ ಕರ್ನಾಟಕದ ಪಾಲು 15% ಇತ್ತು. ಜೋಡಿ ಹಳಿಗೆ, ನಿಲ್ದಾಣ ದೊಡ್ಡದು ಮಾಡಲು ಅದಕ್ಕೆ ಸ್ವಂತ ದುಡ್ಡು ಸಾಲದು. ವಿಲೀನ ಆದರೆ ಬಜೆಟ್ ದುಡ್ಡು ನೇರ ಸಿಗುತ್ತೆ ಅನ್ನೋದು ವಾದ.

ಘಟ್ಟದ ಕೆಳಗೆ

ವಿಲೀನ ಆಗಲಿ, ಒಳ್ಳೇದೇ. ಆದರೆ ಮೊದಲು ಘಟ್ಟ ನೋಡಿ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವೆ 55 ಕಿ.ಮೀ., 57 ಸುರಂಗ, 50 ಅಡಿಗೆ 1 ಅಡಿ ಏರು, ಅದೂ ಒಂಟಿ ಹಳಿ. 2024ರ ಜುಲೈನಲ್ಲಿ ಯಡಕುಮೇರಿ ಹತ್ತಿರ ಮಣ್ಣು ಜಾರಿ ಗಾಡಿ ನಿಂತೇ ಹೋಗಿತ್ತು. ಕೆಳಗಿನ ಜಂಕ್ಷನ್‌ಗೆ ಎಷ್ಟು ಪ್ಲಾಟ್‌ಫಾರ್ಮ್ ಕಟ್ಟಿದರೂ ಮೇಲಿನಿಂದ ಇಳಿಯುವ ಗಾಡಿ ಅಷ್ಟೇ. ದೊಡ್ಡ ಕೊಡಕ್ಕೆ ಸಣ್ಣ ಬಾಯಿ.

ರಾಜಧಾನಿ ಬಾಡಿಗೆದಾರ

ಎಲ್ಲರೂ ಬೈಯುತ್ತಿದ್ದೀರಿ. ವಂದೇ ಭಾರತ್ ಬಗ್ಗೆ ಯಾರೂ ಒಳ್ಳೇ ಮಾತು ಆಡಲ್ವಾ? 2023ರ ಜೂನ್ 27ಕ್ಕೆ ಬೆಂಗಳೂರು–ಧಾರವಾಡ ಬಂತು, 2025ರ ಆಗಸ್ಟ್ 10ಕ್ಕೆ ಬೆಳಗಾವಿಗೆ ಬಂತು. ಬೆಳಗ್ಗೆ ಹೊರಟರೆ ಊರಲ್ಲಿ ಮಧ್ಯಾಹ್ನದ ಊಟ. ನನಗೆ ಇದಕ್ಕಿಂತ ದೊಡ್ಡ ಅಭಿವೃದ್ಧಿ ಬೇಡ.

ಸೀಸನ್ ಪಾಸ್

ನಿಮ್ಮ ಊರು ವಂದೇ ಭಾರತ್ ನಿಲ್ಲುವ ಊರು. ಅದು ಹಾಯುವ ಹೊತ್ತಿಗೆ ನಮ್ಮ ಪ್ಯಾಸೆಂಜರ್ ಲೂಪ್ ಲೈನಿನಲ್ಲಿ ಕಣ್ಣು ಮುಚ್ಚಿ ಕೂತಿರುತ್ತೆ. ಕೋವಿಡ್‌ನಲ್ಲಿ ನಮ್ಮ ಗಾಡಿಗೆ "ಸ್ಪೆಷಲ್" ಅಂತ ಹೆಸರಿಟ್ಟು 10 ರೂಪಾಯಿ ಟಿಕೆಟ್ಟನ್ನು 30 ಮಾಡಿದರು. ಗಾಡಿ ಅದೇ, ಸೀಟೂ ಅದೇ. ಹಳೇ ದರ ವಾಪಸ್ ಬರಲು 2024ರ ಫೆಬ್ರವರಿ ಆಗಬೇಕಾಯಿತು. ಆಗ ತೆಗೆದ ಸಣ್ಣ ಸ್ಟೇಷನ್ನುಗಳ ನಿಲುಗಡೆ ಎಲ್ಲವೂ ಇನ್ನೂ ವಾಪಸ್ ಬಂದಿಲ್ಲ.

ರಾಜಧಾನಿ ಬಾಡಿಗೆದಾರ

ಅದಕ್ಕೆ ನನ್ನ ಗಾಡಿ ಮೇಲೆ ಸಿಟ್ಟು ಯಾಕೆ ಗುರು? ಎರಡೂ ಓಡಲಿ.

ಕೆಂಪು ಹಸಿರು ಬಾವುಟ

ಎರಡೂ ಓಡಬೇಕಾದರೆ ಹಳಿ ಬೇಕು. ಇಬ್ಬರೂ ಜಗಳ ಬಿಟ್ಟು ಇದನ್ನು ಕೇಳಿ. ಒಂಟಿ ಹಳಿಯಲ್ಲಿ ಎರಡು ಸ್ಟೇಷನ್ ನಡುವೆ ಒಂದು ಹೊತ್ತಿಗೆ ಒಂದೇ ಗಾಡಿ. ಎದುರಿಂದ ಬರುವುದು ಮುಂದಿನ ಸ್ಟೇಷನ್ ಸೇರುವವರೆಗೂ ಇದು ಇಲ್ಲೇ ಕಾಯಬೇಕು. ಅದನ್ನೇ ಕ್ರಾಸಿಂಗ್ ಅನ್ನುವುದು. ಬೆಂಗಳೂರು–ಮೈಸೂರು ಜೋಡಿ ಹಳಿ ಆದ ಮೇಲೆ ಆ ದಾರಿಯಲ್ಲಿ ಕ್ರಾಸಿಂಗ್ ಅನ್ನುವ ಮಾತೇ ಜನ ಮರೆತರು. ಗದಗ–ಹೋಟಗಿ 284 ಕಿ.ಮೀ. ಜೋಡಿ ಹಳಿ ಕೆಲಸ ಹಿಡಿದದ್ದೂ ಅದಕ್ಕೇ. ಲೋಂಡಾದಿಂದ ಗೋವಾ ಕಡೆ ಮಾತ್ರ ಅದು ಬೇರೆ ಕತೆ. ತಿನೈಘಾಟ್–ಕ್ಯಾಸಲ್‌ರಾಕ್–ಕುಳೆ ಜೋಡಿ ಹಳಿಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ತಳ್ಳಿಹಾಕಿತು. ಕಾಡಿನ ವಿಷಯ, ನಾನು ಅದರಲ್ಲಿ ಯಾರ ಪರವೂ ಮಾತಾಡಲ್ಲ.

ಪಹಣಿ

ಕಾಡಿನದು ಆಯಿತು, ಹೊಲದ್ದೂ ಹೇಳ್ತೀನಿ ಕೇಳಿ. ಧಾರವಾಡ–ಕಿತ್ತೂರು–ಬೆಳಗಾವಿ ನೇರ ದಾರಿ 73 ಕಿ.ಮೀ. ಈಗ ಲೋಂಡಾ ಸುತ್ತಿ ಹೋಗಬೇಕು. ಕಾಗದದ ಮೇಲೆ ಎಲ್ಲರಿಗೂ ಬೇಕಾದ ದಾರಿ. ಆದರೆ ಅದು ಹಾಯುವುದು ಫಲವತ್ತಾದ ನೆಲದಲ್ಲಿ. ಪಟ್ಟಿ ಹಿಡಿದ ಹಾಗೆ ಹೊಲದ ನಡುವೆ ಹಳಿ ಹೋದರೆ ಅರ್ಧ ಎಕರೆ ಈ ಕಡೆ, ಒಂದೂಕಾಲು ಆ ಕಡೆ. ಪರಿಹಾರ ಕೊಡುವುದು ಹಳಿ ಬಿದ್ದ ಜಾಗಕ್ಕೆ. ಆ ಕಡೆ ಉಳಿದ ತುಂಡಿಗೆ ಎತ್ತು ಎಲ್ಲಿಂದ ದಾಟಿಸಬೇಕು? ಕೆಳಸೇತುವೆ ಕೊಡುತ್ತೇವೆ ಅಂತಾರೆ. ಮಳೆಗಾಲದಲ್ಲಿ ಕೆಳಸೇತುವೆ ಅಂದರೆ ಬಾವಿ.

ನಾನು ರೈಲು ಬೇಡ ಅನ್ನುವವನಲ್ಲ. ನಮ್ಮ ಹುಡುಗರು ಕಾಲೇಜಿಗೆ ಅದರಲ್ಲೇ ಹೋಗಬೇಕು. ಸರ್ವೆಗೆ ಬಂದವರು ನಕಾಶೆ ಬಿಚ್ಚಿ, ಇಲ್ಲಿ ನಿಮ್ಮ ಬಾವಿ ಇದೆ, ಇಲ್ಲಿ ದಾರಿ ಇದೆ ಅಂತ ನಮ್ಮ ಜೊತೆ ಒಂದು ದಿನ ಹೊಲ ತಿರುಗಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ತೊಗರಿ ನಾಡು

ಗದಗ–ವಾಡಿ ದಾರಿಗೂ ಇದೇ ಪಾಡಾಗಿತ್ತು ರೀ. ರಾಜ್ಯದವರು ಜಾಗ ಕೊಟ್ಟು ಅರ್ಧ ಖರ್ಚು ಹೊತ್ತುಕೊಂಡ ಯೋಜನೆ. 2013–14ರಲ್ಲಿ ಮಂಜೂರಾಯಿತು. ತಳಕಲ್‌ನಿಂದ ಕುಷ್ಟಗಿಗೆ ಗಾಡಿ ಬಂದದ್ದು 2025ರ ಮೇನಲ್ಲಿ. ಆ ದಿನ ಕುಷ್ಟಗಿಯಲ್ಲಿ ಜನ ಎಂಜಿನ್ನಿಗೆ ಬಾಳೆಕಂಬ ಕಟ್ಟಿ, ಹಾರ ಹಾಕಿ, ಅದು ಎಂಜಿನ್ನೋ ಮದುಮಗನೋ ಗೊತ್ತಾಗದ ಹಾಗೆ ಮಾಡಿದ್ದರು. ಮೊದಲ ಸಲ ಊರಿಗೆ ರೈಲು ಬಂದರೆ ಏನಾಗುತ್ತೆ ಅಂತ ಜಂಕ್ಷನ್ ಊರಿನವರಿಗೆ ಗೊತ್ತಾಗಲ್ಲ ಬಿಡಿ. ಇನ್ನು ಲಿಂಗಸಗೂರು, ಸುರಪುರ, ಶಹಾಪುರ ದಾಟಿ ವಾಡಿ ಮುಟ್ಟಬೇಕು.

ಹಳಿ ಹುಚ್ಚ

ಅದು ಮುಗಿದರೆ ತಳಕಲ್ ಅನ್ನುವ ಸಣ್ಣ ಸ್ಟೇಷನ್ನೇ ದೊಡ್ಡ ಜಂಕ್ಷನ್ ಆಗುತ್ತೆ. ಅಲ್ಲಿ ಈಗಲೇ ಜಾಗ ಬಿಟ್ಟು ಯಾರ್ಡ್ ಮಾಡಿದರೆ ಸರಿ. ಇಲ್ಲದಿದ್ದರೆ ಇಪ್ಪತ್ತು ವರ್ಷ ಬಿಟ್ಟು ನಮ್ಮ ಮಕ್ಕಳು ತಳಕಲ್ ಹೊರಗೆ 25 ನಿಮಿಷ ನಿಂತೆವು ಅಂತ ಬರೆಯುತ್ತಾರೆ.

ಟಿಕೆಟ್ ಅಕ್ಕ

ಬದಲಿ ಗಾಡಿಯವರಿಗೆ ಒಂದು ಉಪಯೋಗದ ಮಾತು. ಎರಡು ಗಾಡಿ ಬದಲಿಸಿ ಹೋಗುವವರು ಎರಡೂ ಪಿಎನ್‌ಆರ್ ಜೋಡಿಸಬಹುದು. 2019ರ ಏಪ್ರಿಲ್ 1ರಿಂದ ಈ ನಿಯಮ ಇದೆ. ಎರಡು ಟಿಕೆಟ್‌ನಲ್ಲೂ ಪ್ರಯಾಣಿಕರ ವಿವರ ಒಂದೇ ಇರಬೇಕು. ಮೊದಲ ಗಾಡಿ ಮುಗಿಯುವ ಸ್ಟೇಷನ್ನಿಂದಲೇ ಎರಡನೆಯದು ಶುರುವಾಗಬೇಕು. ಮೊದಲನೆಯದು ತಡ ಆಗಿ ಎರಡನೆಯದು ತಪ್ಪಿದರೆ, ಹೋಗದೇ ಉಳಿದ ಭಾಗದ ದುಡ್ಡು ಪೂರ್ತಿ ವಾಪಸ್, ಕ್ಯಾನ್ಸಲ್ ಚಾರ್ಜ್ ಹಿಡಿಯಲ್ಲ. ಕೌಂಟರ್ ಟಿಕೆಟ್ ಆದರೆ ಮೊದಲ ಗಾಡಿ ನಿಜವಾಗಿ ಬಂದು ಮುಟ್ಟಿದ ಮೂರು ಗಂಟೆಯೊಳಗೆ ವಾಪಸ್ ಕೊಡಬೇಕು. ಆನ್‌ಲೈನ್ ಟಿಕೆಟ್ ಆದರೆ ಟಿಡಿಆರ್, ಅಂದರೆ ದುಡ್ಡು ವಾಪಸ್ ಕೇಳುವ ಅರ್ಜಿ, ಹಾಕಬೇಕು.

ಇಷ್ಟು ಒಳ್ಳೇ ನಿಯಮ, ಹತ್ತರಲ್ಲಿ ಒಂಬತ್ತು ಜನಕ್ಕೆ ಗೊತ್ತಿಲ್ಲ.

ಬದಲಿ ಗಾಡಿ

ಅಕ್ಕ, ಧನ್ಯವಾದ. ಆದರೆ ನಮ್ಮ ಎರಡನೇ ಗಾಡಿ ಪ್ಯಾಸೆಂಜರ್. ಅದಕ್ಕೆ ಪಿಎನ್‌ಆರ್ರೇ ಇಲ್ಲ. 20 ರೂಪಾಯಿ ವಾಪಸ್ ಬರದಿದ್ದರೆ ಚಿಂತೆಯಿಲ್ಲ, ನಾಲ್ಕು ಗಂಟೆ ವಾಪಸ್ ಬೇಕಿತ್ತು.

ಟಿಕೆಟ್ ಅಕ್ಕ

ಹೌದಲ್ವಾ. ಗಾಡಿ ಬದಲಿಸುವವರಲ್ಲಿ ಹೆಚ್ಚಿನವರು ನಿಮ್ಮಂಥವರೇ, ನಿಯಮ ಇರುವುದು ರಿಸರ್ವೇಶನ್‌ನವರಿಗೆ.

ಹೊಸ ಗಾಡಿ ಬೇಕು

ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಮ್ಮ ಊರಿಂದ ಬೆಂಗಳೂರಿಗೆ ರಾತ್ರಿ ಗಾಡಿ ಕೊಡಿ ಅಂತ ಕೇಳಿದರೆ ಪ್ರತಿ ಸಲ "ಪಿಟ್ ಲೈನ್ ಇಲ್ಲ" ಅಂತ ಉತ್ತರ. ಏನಿದು ಪಿಟ್ ಲೈನ್?

ಕೆಂಪು ಹಸಿರು ಬಾವುಟ

ಹಳಿಯ ನಡುವೆ ಉದ್ದಕ್ಕೆ ಗುಂಡಿ ತೋಡಿರುತ್ತಾರೆ. ಅದರೊಳಗೆ ಇಳಿದು ಬೋಗಿಯ ಹೊಟ್ಟೆ ಪರೀಕ್ಷೆ ಮಾಡುತ್ತಾರೆ. ಬ್ರೇಕು, ಸ್ಪ್ರಿಂಗು, ಗಾಲಿ. ಗಾಡಿ ಎಲ್ಲಿಂದ ಹೊರಡುತ್ತದೋ ಅಲ್ಲಿ ಅಥವಾ ಎಲ್ಲಿ ಮುಗಿಯುತ್ತದೋ ಅಲ್ಲಿ ಇದು ಆಗಲೇಬೇಕು. ಒಂದು ಗಾಡಿಗೆ ಗಂಟೆಗಟ್ಟಲೆ ಹಿಡಿಯುತ್ತೆ. ಬೆಂಗಳೂರಿನ ಗುಂಡಿಗಳೆಲ್ಲ ಭರ್ತಿ. 2022ರ ಜೂನ್‌ನಲ್ಲಿ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾದ ಮೇಲೆ ಸ್ವಲ್ಪ ಉಸಿರು ಬಂತು. ಜನ ಅದರ ಎಸಿ ಹಾಲ್ ನೋಡಿ ಏರ್‌ಪೋರ್ಟ್ ಅಂದರು. ನಾವು ಅದರ ಹಿಂಭಾಗದಲ್ಲಿ ಖಾಲಿ ಗಾಡಿ ನಿಲ್ಲಿಸಿಡುವ ಸ್ಟೇಬ್ಲಿಂಗ್ ಲೈನುಗಳನ್ನು ಎಣಿಸಿದೆವು.

ನಿಮ್ಮ ಊರಿಂದ ಗಾಡಿ ಹೊರಡಬೇಕಾದರೆ ಪ್ಲಾಟ್‌ಫಾರ್ಮ್‌ಗೆ ಟೈಲ್ಸ್ ಕೇಳಬೇಡಿ. ಪಿಟ್ ಲೈನ್ ಕೇಳಿ.

ಊರ ಅಭಿಮಾನಿ

ಯಜಮಾನರೇ, ಇದನ್ನೆಲ್ಲ ಮೊದಲೇ ಯಾರಾದರೂ ಹೇಳಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಎಂಪಿ ಕಚೇರಿಗೆ ನಾವು ಕೊಟ್ಟ ಮನವಿಯಲ್ಲಿ ಇದ್ದದ್ದು ಎಸ್ಕಲೇಟರ್, ಹೈಮಾಸ್ಟ್ ದೀಪ, ಸ್ಟೇಷನ್ ಮುಂದೆ ಪ್ರತಿಮೆ. ಮೂರೂ ಕೊಟ್ಟರು ಪಾಪ.

ಸೀಸನ್ ಪಾಸ್

😂 ಕೇಳಿದ್ದನ್ನು ಕೊಟ್ಟ ಸರ್ಕಾರವನ್ನು ಬೈಯುವ ಹಾಗೂ ಇಲ್ಲ.

ಬದಲಿ ಗಾಡಿ

ಸರಿ, ಹಾಗಾದರೆ ನಾವು ಏನು ಕೇಳಬೇಕು? ಯಾರನ್ನು ಕೇಳಬೇಕು? ಸುಮ್ನೆ ಇಲ್ಲಿ ಬರೆದರೆ ಆಗಲ್ಲ.

ಕೆಂಪು ಹಸಿರು ಬಾವುಟ

ರೈಲ್ವೆ ಸಹಾಯವಾಣಿ 139ಕ್ಕೆ ದೂರು ಕೊಟ್ಟರೆ ಕೊಳೆ, ನೀರು, ಫ್ಯಾನ್ ಇಂಥದ್ದು ಸರಿ ಹೋಗುತ್ತೆ. ವೇಳಾಪಟ್ಟಿ ಅದರಿಂದ ಬದಲಾಗಲ್ಲ. ಪ್ರತಿ ವಿಭಾಗಕ್ಕೂ ಪ್ರಯಾಣಿಕರ ಸಲಹಾ ಸಮಿತಿ ಇದೆ, ವಲಯಕ್ಕೂ ಇದೆ. ವಾಣಿಜ್ಯ ಸಂಘದವರು, ಜನಪ್ರತಿನಿಧಿಗಳ ಕಡೆಯವರು ಅದರಲ್ಲಿ ಸದಸ್ಯರಾಗಿರುತ್ತಾರೆ. ಅವರ ಮೂಲಕ ಸಭೆಗೆ ಹೋದ ವಿಷಯಕ್ಕೆ ಲಿಖಿತ ಉತ್ತರ ಬರುತ್ತೆ. ಇಲ್ಲ ಅಂದರೂ ಯಾಕಿಲ್ಲ ಅಂತ ಬರೆಯಬೇಕು.

ಬರೆಯುವಾಗ "ಸಂಪರ್ಕ ಸುಧಾರಿಸಿ" ಅಂತ ಬರೆಯಬೇಡಿ. ಅಂಥದ್ದು ಫೈಲಿಗೆ ಸೇರಿ ಮಲಗುತ್ತೆ. ಇಂಥ ಗಾಡಿ, ಇಂಥ ಗಾಡಿ, ನಡುವೆ ಇಷ್ಟು ನಿಮಿಷ, ಕಳೆದ 30 ದಿನದಲ್ಲಿ ಇಷ್ಟು ದಿನ ತಪ್ಪಿತು ಅಂತ ಬರೆಯಿರಿ. ಗಾಡಿ ಬಂದ ಹೊತ್ತು ಆ್ಯಪಿನಲ್ಲಿ ಸಿಗುತ್ತಲ್ಲ, ದಿನಾ ಬರೆದಿಟ್ಟುಕೊಳ್ಳಿ. ಇನ್ನೊಂದು ಗುಟ್ಟು. ಗಾಡಿ ಸಮಯಕ್ಕೆ ಬಂತೋ ಇಲ್ಲವೋ ಅನ್ನುವ ಲೆಕ್ಕ ಮುಖ್ಯವಾಗಿ ಅದು ಕೊನೇ ನಿಲ್ದಾಣ ಮುಟ್ಟಿದಾಗ ಹಾಕುತ್ತಾರೆ. ಕೊನೆಯ ಭಾಗದಲ್ಲಿ ನಿಮಿಷಗಳನ್ನು ಧಾರಾಳ ಇಟ್ಟಿರುತ್ತಾರೆ. ನಡುವಿನ ಜಂಕ್ಷನ್‌ಗೆ 25 ನಿಮಿಷ ತಡವಾಗಿ ಬಂದ ಗಾಡಿ ಕೊನೆಯಲ್ಲಿ ಸಮಯಕ್ಕೆ ಸರಿಯಾಗಿ ಬಂದ ಹಾಗೆ ಕಾಣುತ್ತೆ. ಕಚೇರಿಯ ಕಾಗದದಲ್ಲಿ ನಿಮ್ಮ ಗಾಡಿ ತಡವೇ ಆಗಿಲ್ಲ.

ನೈಟ್ ಶಿಫ್ಟ್

ಇದು ಗೊತ್ತಿರಲಿಲ್ಲ. ಅದಕ್ಕೇ ನನ್ನ ಗಾಡಿ ಕೊನೇ ಎರಡು ಸ್ಟೇಷನ್ ನಡುವೆ ಎತ್ತಿನಗಾಡಿ ಥರ ಹೋಗುತ್ತೆ!

ಬದಲಿ ಗಾಡಿ

ಮೂರು ವಾರ ಆಯಿತು, ಹೇಳಿ ಹೋಗೋಣ ಅಂತ ಬಂದೆ. ದಿನಾ ಬರೆದಿಟ್ಟೆ. 21 ದಿನದಲ್ಲಿ 9 ದಿನ ಪ್ಯಾಸೆಂಜರ್ ತಪ್ಪಿದೆ. ಆ 9ರಲ್ಲಿ 7 ದಿನ ನಮ್ಮ ಎಕ್ಸ್‌ಪ್ರೆಸ್ ಕೊನೇ ನಿಲ್ದಾಣಕ್ಕೆ ಸರಿಯಾದ ಹೊತ್ತಿಗೇ ಹೋಗಿದೆ. ಯಜಮಾನರು ಹೇಳಿದ ಹಾಗೇ ಇದೆ. ಸಲಹಾ ಸಮಿತಿಯ ಒಬ್ಬರು ಸದಸ್ಯರು ಸಿಕ್ಕರು, ಕಾಗದ ತೆಗೆದುಕೊಳ್ಳಲು ಒಪ್ಪಿದ್ದಾರೆ.

ಪ್ಯಾಸೆಂಜರನ್ನು 10 ನಿಮಿಷ ತಡವಾಗಿ ಹೊರಡಿಸಿ ಅಂತ ಬರೆದಿದ್ದೆ. ಕಳಿಸುವ ಮುಂಚೆ ಇರಲಿ ಅಂತ ಭಾನುವಾರ ಅಮ್ಮನ ಜೊತೆ ಹೋಗಿ ಅಳೆದು ಬಂದೆ. 3ನೇ ಪ್ಲಾಟ್‌ಫಾರ್ಮ್‌ನಲ್ಲಿ ಇಳಿದು 1ಕ್ಕೆ ಬರಬೇಕು. ಲಿಫ್ಟ್ ಇದೆ, ಹೊಸದು, ಗಾಜಿನದು. ಅದು ಸೇತುವೆಯ ಒಂದು ತುದಿಯಲ್ಲಿ. ನಮ್ಮ ಜನರಲ್ ಬೋಗಿ ನಿಲ್ಲುವುದು ಇನ್ನೊಂದು ತುದಿಯಲ್ಲಿ. ಅಮ್ಮ ಎರಡು ಕಡೆ ಬೆಂಚಿನ ಮೇಲೆ ಕೂತರು. ನಾನು ಮೊಬೈಲಿನಲ್ಲಿ ನಿಮಿಷ ನೋಡುತ್ತಾ ಪಕ್ಕದಲ್ಲಿ ನಿಂತಿದ್ದೆ. "ನನ್ನಿಂದ ಸರ್ಕಾರಕ್ಕೆ ಲೆಕ್ಕ ತಪ್ಪೋದು ಬೇಡ, ನಡಿ" ಅಂತ ಮತ್ತೆ ಎದ್ದರು.

ಒಟ್ಟು 13 ನಿಮಿಷ. ಅರ್ಜಿಯಲ್ಲಿ 10 ಹೊಡೆದು 15 ಅಂತ ತಿದ್ದಿದ್ದೀನಿ.